ಎತ್ತರವೂ ಆಳವೂ

ಎತ್ತರವಾದುದಕ್ಕೆ ತಲೆಬಾಗುವುದು ಮಾನವನ ಸ್ವಭಾವ. ಅವನ ಕಲ್ಪನೆಯು ಕೈಲಾಸಶಿಖರದಲ್ಲಿ ಶಿವನನ್ನು ನೆಲೆಗೊಳಿಸಿತು; ಪಾತಾಳವನ್ನು ನಾಗರಿಗೂ ದಾನವರಿಗೂ ಬಿಟ್ಟುಕೊಟ್ಟಿತು. ಒಳಿತನ್ನು ‘ಉನ್ನತಿ’ ಎಂದವನು ಕೇಡನ್ನು ‘ಅಧೋಗತಿ’ ಎಂದನು. ಈ ಪಕ್ಷಪಾತವು ಮಾತಿನಲ್ಲಿ ಮಾತ್ರ ಉಳಿದಿದ್ದರೆ ಚಿಂತೆಯಿರಲಿಲ್ಲ. ಭೂಮಿಯನ್ನು ಅರಿಯುವ ಕಾರ್ಯದಲ್ಲಿಯೂ ಅದು ತಲೆಹಾಕಿರುವುದು ವಿಷಾದದ ಸಂಗತಿ.

ಎವರೆಸ್ಟ್ ಶಿಖರದ ಎತ್ತರವು 8,848.86 ಮೀಟರು ಎಂದು ನೇಪಾಳ ಮತ್ತು ಚೀನಾ ದೇಶಗಳು 2020ರಲ್ಲಿ ಜೊತೆಯಾಗಿ ಪ್ರಕಟಿಸಿದವು. ಪೆಸಿಫಿಕ್ ಸಾಗರದ ಮೇರಿಯಾನಾ ಕಂದಕದಲ್ಲಿ ‘ಚಾಲೆಂಜರ್ ಡೀಪ್’ ಎಂಬ ತಗ್ಗು ಇದೆ. ಅದರ ಆಳ ಸುಮಾರು 10,900 ಮೀಟರು. ಎವರೆಸ್ಟನ್ನು ಬುಡಸಹಿತ ಅಲ್ಲಿ ಇಳಿಸಿದರೆ ಶಿಖರದ ಮೇಲೆ ಇನ್ನೂ ಎರಡು ಕಿಲೋಮೀಟರಿನಷ್ಟು ನೀರು ನಿಲ್ಲುವುದು! ಆದರೂ ಶಿಖರದ ಎತ್ತರವನ್ನು ಸೆಂಟಿಮೀಟರಿನವರೆಗೆ ಹೇಳಬಲ್ಲ ಮಾನವನು ಈ ತಗ್ಗನ್ನು ಅಳೆಯುವಾಗ ಹತ್ತಾರು ಮೀಟರು ಅತ್ತಿತ್ತ ತಡವರಿಸುತ್ತಾನೆ.

ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ 1953ರ ಮೇ 29ರಂದು ಎವರೆಸ್ಟನ್ನು ಏರಿದರು. ಅನಂತರ ಸಾವಿರಾರು ಜನ ಅವರ ಹಾದಿ ತುಳಿದರು. ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ‘ಟ್ರಿಯೆಸ್ಟ್’ ನೌಕೆಯಲ್ಲಿ 1960ರ ಜನವರಿ 23ರಂದು ಚಾಲೆಂಜರ್ ತಗ್ಗಿನ ತಳ ಮುಟ್ಟಿದರು. ಅಲ್ಲಿ ನೀರಿನ ಒತ್ತಡವು ನೆಲದ ಮೇಲಿನ ವಾಯುವಿನ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು. ಇಳಿಯುವಾಗಲೇ ನೌಕೆಯ ಹೊರಗಿಟಕಿಯೊಂದು ಬಿರುಕುಬಿಟ್ಟಿತು. ಆದರೂ ಆ ಧೀರರು ಹಿಂದಿರುಗಲಿಲ್ಲ. ಅವರ ಬಳಿಕ ಮತ್ತೊಬ್ಬ ಮನುಷ್ಯನು ಅಲ್ಲಿಗೆ ಇಳಿದುದು 2012ರಲ್ಲಿ. ನಡುವಿನ ಐವತ್ತೆರಡು ವರ್ಷಗಳಲ್ಲಿ ಹನ್ನೆರಡು ಮಂದಿ ಚಂದ್ರನ ಮೇಲೆ ನಡೆದಾಡಿ ಬಂದಿದ್ದರು!

ಕತ್ತಲೆಯ ಕಡಲತಳವನ್ನು ಅರಿತು ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಉತ್ತರವನ್ನು ಕಡಲೇ ಕೊಟ್ಟಿದೆ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿಯ ಸುಂದಾ ಕಂದಕದ ವಲಯದಲ್ಲಿ ಸಾಗರತಳ ಕಂಪಿಸಿತು. ಅಲ್ಲಿಂದೆದ್ದ ಸುನಾಮಿ ಅಲೆಗಳು ಅಂಡಮಾನ್–ನಿಕೋಬಾರನ್ನೂ ತಮಿಳುನಾಡಿನ ತೀರವನ್ನೂ ಅಪ್ಪಳಿಸಿದವು. ಹಲವು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಮಡಿದರು. ಅಂದು ಹಿಂದೂ ಮಹಾಸಾಗರದಲ್ಲಿ ಮುನ್ನೆಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ಭಾರತದ ಸುನಾಮಿ ಮುನ್ಸೂಚನಾ ಕೇಂದ್ರವು ಹೈದರಾಬಾದಿನಲ್ಲಿ ಆರಂಭವಾದುದು 2007ರಲ್ಲಿ. ಕಡಲತಳದಲ್ಲಿರಿಸಿದ ಉಪಕರಣಗಳು ಇಂದು ನೀರಿನ ಏರಿಳಿತವನ್ನು ಗಮನಿಸುತ್ತಿವೆ. ಆಳದ ಅರಿವು ಕೇವಲ ಕುತೂಹಲದ ವಿಷಯವಲ್ಲ. ತೀರದಲ್ಲಿ ಬಾಳುವವರ ಪ್ರಾಣದ ಪ್ರಶ್ನೆ.

ಶಿಖರಾರೋಹಣದ ಸಾಹಸ ಹಿರಿದೇ, ಅದನ್ನು ಹಳಿಯಬೇಕಾಗಿಲ್ಲ. ಎತ್ತರ ಮತ್ತು ಆಳ ಒಂದೇ ಶಕ್ತಿಯ ಎರಡು ಮುಖಗಳೆಂಬುದನ್ನು ಮರೆಯಬಾರದು, ಅಷ್ಟೆ. ಚಲಿಸುವ ಭೂಫಲಕಗಳಲ್ಲಿ ಒಂದು ಇನ್ನೊಂದರ ಕೆಳಗೆ ಜಾರಿದೆಡೆ ಕಂದಕ ಮೂಡುತ್ತದೆ. ಎರಡು ಭೂಖಂಡಗಳು ಒತ್ತಿ ನಿಂತೆಡೆ ಪರ್ವತ ಏಳುತ್ತದೆ. ಎವರೆಸ್ಟಿನ ತುದಿಯ ಸುಣ್ಣಕಲ್ಲಿನಲ್ಲಿ ಪ್ರಾಚೀನ ಜಲಚರಗಳ ಅವಶೇಷಗಳಿವೆ. ಇಂದಿನ ಆ ಶಿಖರ ಒಂದು ಕಾಲದ ಕಡಲತಳ!

ಪುರಾಣಕಾರರು ಈ ನಂಟನ್ನು ತಮ್ಮದೇ ರೀತಿಯಲ್ಲಿ ಕಂಡಿದ್ದರೆಂದು ತೋರುತ್ತದೆ. ಮಂದರ ಪರ್ವತವು ಕಡೆಗೋಲಾಗಿ ಕ್ಷೀರಸಾಗರಕ್ಕೆ ಇಳಿದಾಗಲೇ ಅಮೃತ ಹುಟ್ಟಿತು. ಏರುವ ಉತ್ಸಾಹದೊಡನೆ ಇಳಿದು ನೋಡುವ ತಾಳ್ಮೆಯೂ ಕೂಡಿದಾಗ ಮಾತ್ರ ಮಾನವನ ಅರಿವು ಪೂರ್ಣವಾದೀತು.