ಸಿಂಕಿಗೆ ಹರಿದ ಚಿನ್ನ

ಆ ಸಾಸರ್ ಕೊಂಡಿದ್ದು ಡೆಲ್ಫ್ಟ್ ಊರಲ್ಲಿ, ಕಾಲುವೆ ಪಕ್ಕದ ಹಳೇ ಸಾಮಾನಿನ ಸಂತೆಯಲ್ಲಿ. ಆಫೀಸಿನ ಕೆಲಸಕ್ಕೆ ಅಂತ ನೆದರ್‌ಲ್ಯಾಂಡ್ಸ್‌ಗೆ ಬಂದು ಎರಡು ವರ್ಷ. ಶನಿವಾರ ಬಂದರೆ ಚೀನಾದ ಹಳೇ ಪಿಂಗಾಣಿ ಹುಡುಕೋ ಚಟ ಹತ್ತಿಬಿಟ್ಟಿದೆ. ಅಂಗೈಯಗಲದ ಸಾಸರ್, ಬಿಳಿ ಮೈಮೇಲೆ ನೀಲಿಯಲ್ಲಿ ಬಿದಿರು, ಒಂದು ಹಕ್ಕಿ. ಅದರ ಮೇಲೆ, ಹಕ್ಕಿಯ ಬಾಲವನ್ನೂ ಲೆಕ್ಕಿಸದೆ, ಕೆಂಪು ಹೂ, ಹಸಿರೆಲೆ, ಅಂಚಿಗೆ ಚಿನ್ನದ ಗೆರೆ.

ಮಾರುತ್ತಿದ್ದ ಅಜ್ಜ ಮುಚ್ಚುಮರೆ ಮಾಡಲಿಲ್ಲ. ‘ನೀಲಿ ಚೀನಾದ್ದು, ಕೆಂಪು ನಮ್ಮವರದ್ದು. ಅದಕ್ಕೇ ಅಗ್ಗ’ ಅಂದ. ನನ್ನ ಕಿವಿಗೆ ಬಿದ್ದಿದ್ದು ‘ಅಗ್ಗ’ ಅನ್ನೋದಷ್ಟೇ. 40 ಯೂರೋ ಕೊಟ್ಟೆ.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ‘ಚೆನ್ನಾಗಿರೋ ತಟ್ಟೆ ಮೇಲೆ ಯಾರೋ ಇದು ಗೀಚಿದ್ದು? ಉಜ್ಜಿ ನೋಡೋ, ಹೋದ್ರೂ ಹೋಗಬಹುದು’ ಅಂದಳು. ನನಗೂ ಹಾಗೇ ಅನ್ನಿಸಿತ್ತು. ಬಿಸಿನೀರು, ಸೋಪು, ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರ್. ಐದು ನಿಮಿಷ ತಿಕ್ಕಿದೆ. ಕೆಂಪು ಜಪ್ಪಯ್ಯ ಅನ್ನಲಿಲ್ಲ. ಚಿನ್ನದ ಗೆರೆ ಮಾತ್ರ ಅರ್ಧಕ್ಕರ್ಧ ಸಿಂಕಿಗೆ ಹರಿದುಹೋಯ್ತು.

ಆಮೇಲೆ ಓದಲು ಕೂತೆ. ನಮ್ಮ ವೃತ್ತಿಯಲ್ಲೂ ಡಾಕ್ಯುಮೆಂಟೇಶನ್ ತೆಗೆಯೋದು ಸಿಸ್ಟಮ್ ಬಿದ್ದ ಮೇಲೇ ತಾನೇ!

ಚೀನಾದ ಕುಶಲಕರ್ಮಿ ಕೋಬಾಲ್ಟ್ ನೀಲಿಯಲ್ಲಿ ಚಿತ್ರ ಬರೆದು, ಮೇಲೆ ಗಾಜಿನಂಥ ಲೇಪ ಕೊಟ್ಟು, ಸುಮಾರು 1300 ಡಿಗ್ರಿಯಲ್ಲಿ ಸುಡುತ್ತಿದ್ದ. ಹಾಗಾಗಿ ನೀಲಿ ಲೇಪದ ಒಳಗೇ ಉಳಿಯುತ್ತೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಈ ಮಾಲು ರಾಶಿ ರಾಶಿ ಬಂತು. ಅಷ್ಟರಲ್ಲಿ ಯುರೋಪಿನ ಸಿರಿವಂತರಿಗೆ ಜಪಾನಿನ ಬಣ್ಣದ ಪಿಂಗಾಣಿಯ ಹುಚ್ಚು ಹಿಡಿದಿತ್ತು. ಅದೋ ದುಬಾರಿ. ಸರಿ, 18ನೇ ಶತಮಾನದ ಮೊದಲ ದಶಕಗಳಲ್ಲಿ ಡಚ್ ಬಣ್ಣಗಾರರು ಕಡಿಮೆ ಬೆಲೆಯ ಚೀನೀ ತಟ್ಟೆಗಳ ಮೇಲೇ ಕೆಂಪು, ಹಸಿರು, ಚಿನ್ನ ಬಳಿದು, ಕಡಿಮೆ ಶಾಖದಲ್ಲಿ ಇನ್ನೊಮ್ಮೆ ಸುಟ್ಟು ಮಾರಿದರು. ಇಲ್ಲಿಯವರು ಇದನ್ನ ‘ಆಮ್‌ಸ್ಟರ್‌ಡಾಮ್ಸ್ ಬಾಂಟ್’ ಅಂತಾರೆ, ಆಮ್‌ಸ್ಟರ್‌ಡ್ಯಾಮ್‌ನ ಬಣ್ಣಬಣ್ಣದ್ದು ಅಂತ. ಇಂಗ್ಲಿಷ್ ಸಂಗ್ರಾಹಕರ ಮಾತು ‘ಕ್ಲಾಬರ್ಡ್’. ಅದು ಹೊಗಳಿಕೆಯಲ್ಲ.

ಗುರುತಿಸೋದು ಕಷ್ಟವಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿ: ನೀಲಿ ಇರೋ ಕಡೆ ನುಣುಪು, ಕೆಂಪು ಹಸಿರು ಇರೋ ಕಡೆ ಸಣ್ಣ ಉಬ್ಬು. ಎರಡನೇ ಸಲ ಸುಟ್ಟಾಗ ಎದ್ದ ಕಪ್ಪು ಚುಕ್ಕೆಗಳೂ ಕೆಲವದರಲ್ಲಿ ಕಾಣುತ್ತವೆ. ಚಿನ್ನ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮೆತ್ತನೆಯ ಪದರ. ನನ್ನ ಸ್ಕ್ರಬ್ಬರ್‌ಗೆ ಸಿಕ್ಕಿದ್ದು ಅದೇ.

ಶುದ್ಧ ಚೀನೀ ಮಾಲೇ ಬೇಕು ಅನ್ನೋರು ಇಂಥದ್ದನ್ನ ಕೆಟ್ಟುಹೋದ ತಟ್ಟೆ ಅಂತ ಪಕ್ಕಕ್ಕಿಡ್ತಾರೆ. ನಾನು ಒಪ್ಪಲ್ಲ. ಮುನ್ನೂರು ವರ್ಷದ ಹಿಂದೆ ಯಾರೋ ಹೊಟ್ಟೆಪಾಡಿಗೆ ಕೂತು ಬರೆದ ಹೂವು ಅದು, ಹಕ್ಕಿಯ ಬಾಲ ಮುಚ್ಚಿದ್ದು ಮಾತ್ರ ಸ್ವಲ್ಪ ಒರಟುತನವೇ. ಅದನ್ನ ನಿಜಕ್ಕೂ ಕೆಡಿಸಿದ್ದು ನಾನು.

ಈಗ ಸಾಸರ್ ಪುಸ್ತಕದ ಕಪಾಟಿನಲ್ಲಿದೆ. ಚಿನ್ನ ಹೋದ ಭಾಗ ಗೋಡೆ ಕಡೆಗೆ ತಿರುಗಿಸಿಟ್ಟಿದ್ದೆ, ಮೊನ್ನೆ ಈಚೆಗೆ ತಿರುಗಿಸಿದೆ. ಅಮ್ಮ ಫೋನ್‌ನಲ್ಲಿ ನೋಡಿ, ‘ಹೂವು ಹಾಗೇ ಇದೆಯಲ್ಲೋ, ಇನ್ನೂ ಸ್ವಲ್ಪ ಉಜ್ಜಬೇಕಿತ್ತು’ ಅಂದಳು.