ಬೇಸಿಸ್ಟ್ ಅಂದ್ರೆ ಆಟಕ್ಕುಂಟು, ಲೆಕ್ಕಕ್ಕಿಲ್ವಾ? (ಭಾಗ 3)

ಹಿಂದಿನ ಪೋಸ್ಟಿನ ಕೆಳಗೆ ಒಂದಷ್ಟು ಜನ ಬರೆದಿದ್ರಿ: ‘ಕ್ವೀನ್ ಅಂದ್ರೆ ಫ್ರೆಡ್ಡಿ, ಜೊತೆಗೆ ಬ್ರಯಾನ್ ಮೇ ಗಿಟಾರು. ಉಳಿದವರು ಇದ್ರು ಅಷ್ಟೇ.’

ಸರಿ ಗುರು. ಹಾಗಾದ್ರೆ ನಿಮ್ಮ ಪ್ಲೇಲಿಸ್ಟಿಂದ ‘ಯು ಆರ್ ಮೈ ಬೆಸ್ಟ್ ಫ್ರೆಂಡ್’, ‘ಅನದರ್ ಒನ್ ಬೈಟ್ಸ್ ದ ಡಸ್ಟ್’, ‘ಐ ವಾಂಟ್ ಟು ಬ್ರೇಕ್ ಫ್ರೀ’ ಮೂರನ್ನೂ ಡಿಲೀಟ್ ಮಾಡಿ. ಮನಸ್ಸು ಬರಲ್ಲ ಅಲ್ವಾ? ಮೂರನ್ನೂ ಬರೆದದ್ದು ನೀವು ಹೇಳೋ ಆ ‘ಉಳಿದವರಲ್ಲಿ’ ಒಬ್ಬ. ಬೇಸ್ ನುಡಿಸ್ತಿದ್ದ ಜಾನ್ ಡೀಕನ್.

1971ರಲ್ಲಿ ಬ್ಯಾಂಡ್ ಸೇರಿದಾಗ ಅವನಿಗೆ 19 ವರ್ಷ. ಲಂಡನ್ನಿನ ಚೆಲ್ಸಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದ್ತಿದ್ದ. ನಾಲ್ವರಲ್ಲಿ ಚಿಕ್ಕವನು, ಕೊನೆಗೆ ಬಂದವನು, ಮಾತು ಕಮ್ಮಿ. ಕ್ವೀನ್‌ನ ಒಂದು ಹಾಡಿನಲ್ಲೂ ಅವನು ಮುಖ್ಯ ಗಾಯಕನಲ್ಲ. ‘ಹಾಡದವನು ಹಾಡು ಬರೀತಾನಾ’ ಅನ್ನೋರು 1975ರ ‘ಎ ನೈಟ್ ಅಟ್ ದಿ ಆಪೆರಾ’ ಆಲ್ಬಮ್ ಕೇಳಿ. ಹೆಂಡತಿಗಾಗಿ ಬರೆದ ‘ಬೆಸ್ಟ್ ಫ್ರೆಂಡ್’ಗೆ ಅವನು ಎಲೆಕ್ಟ್ರಿಕ್ ಪಿಯಾನೋ ಬಳಸಿದ. ಫ್ರೆಡ್ಡಿಗೆ ಆ ವಾದ್ಯ ಹಿಡಿಸ್ತಿರಲಿಲ್ಲ. ಜಾನ್ ತಾನೇ ಕಲಿತು ನುಡಿಸಿದ, ಫ್ರೆಡ್ಡಿ ಹಾಡಿದ.

ಈಗ ದೊಡ್ಡ ಆರೋಪ: ‘ಅನದರ್ ಒನ್’ ಕದ್ದ ಮಾಲು. ಅಮೆರಿಕದ ಡಿಸ್ಕೊ ಬ್ಯಾಂಡ್ ಶಿಕ್‌ನ ‘ಗುಡ್ ಟೈಮ್ಸ್’ (1979) ಹಾಡಿನಿಂದ, ಬರ್ನಾರ್ಡ್ ಎಡ್ವರ್ಡ್ಸ್ ಬೇಸಿನಿಂದ ಎತ್ತಿದ್ದು ಅಂತ. ಪ್ರಭಾವ ಇದೆ, ಯಾರೂ ಅಲ್ಲಗಳೆಯಲ್ಲ. ಡೀಕನ್ ಆ ಬ್ಯಾಂಡಿನ ಜೊತೆ ಸ್ಟುಡಿಯೋದಲ್ಲಿ ಕೂತು ಬಂದಿದ್ದ. ಆದ್ರೆ ಹೆಡ್‌ಫೋನ್ ಹಾಕಿ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಒಂದೇ ಸ್ವರವನ್ನ ಮೂರು ಸಲ ಹೊಡೆಯೋದು ಎರಡರಲ್ಲೂ ಇದೆ. ಆಮೇಲೆ ಎಡ್ವರ್ಡ್ಸ್ ಬೇಸ್ ಹತ್ತಿ ಇಳಿದು ಓಡಾಡತ್ತೆ. ಡೀಕನ್ ಬೇಸ್ ಹೊಡೆದು ಸುಮ್ಮನಾಗತ್ತೆ. ಆ ಖಾಲಿ ಜಾಗದಲ್ಲೇ ಹಾಡು ಇರೋದು. ಅಲ್ಲಿ ಯಾರಾದ್ರೂ ಗಿಟಾರ್ ಸೋಲೋ ತುರುಕಿದ್ರೆ ಕತೆ ಮುಗೀತಿತ್ತು. ರಿದಮ್ ಗಿಟಾರನ್ನೂ ಅವನೇ ನುಡಿಸಿದ್ದಾನೆ. ಇದನ್ನ ಸಿಂಗಲ್ ಆಗಿ ಬಿಡಿ ಅಂತ ಹೇಳಿದ್ದು ಮೈಕಲ್ ಜಾಕ್ಸನ್. 1980ರಲ್ಲಿ ಅಮೆರಿಕದಲ್ಲಿ ನಂಬರ್ 1 ಆಯ್ತು. ಕದ್ದವನಿಗೆ ಕದ್ದದ್ದು ಮಾತ್ರ ಗೊತ್ತಿರತ್ತೆ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಲ್ಲ.

(ಇದೇ ಹುಚ್ಚಿನಲ್ಲಿ 1982ರ ‘ಹಾಟ್ ಸ್ಪೇಸ್’ ಬಂತು. ಅದು ನನಗೂ ಅಷ್ಟಕ್ಕಷ್ಟೆ.)

ಇನ್ನು ‘ಬ್ರೇಕ್ ಫ್ರೀ’. ನಡುವೆ ಬರೋ ಸೋಲೋಗೆ ಕಣ್ಣು ಮುಚ್ಕೊಂಡು ಏರ್ ಗಿಟಾರ್ ಬಾರಿಸ್ತೀರಲ್ಲ, ಅದು ಗಿಟಾರೇ ಅಲ್ಲ! ಫ್ರೆಡ್ ಮ್ಯಾಂಡೆಲ್ ನುಡಿಸಿದ ಸಿಂಥಸೈಜರ್. ಬ್ರಯಾನ್ ಮೇ ಥರದ ಗಿಟಾರಿಸ್ಟ್ ಪಕ್ಕದಲ್ಲೇ ಇದ್ದಾಗ ಈ ಹಾಡಿಗೆ ಗಿಟಾರ್ ಸೋಲೋ ಬೇಡ ಅನ್ನೋಕೆ ಎಷ್ಟು ಧೈರ್ಯ ಬೇಕು, ಯೋಚಿಸಿ.

ಈಗ ನಮ್ಮ ಕಾಲೇಜ್ ಬ್ಯಾಂಡ್‌ಗಳ ವಿಷಯ. ಗಿಟಾರ್ ಸರಿಯಾಗಿ ಬರದವನ ಕೈಗೆ ಬೇಸ್ ಕೊಡೋದು, ‘ರೂಟ್ ನೋಟ್ ಹೊಡ್ಕೊಂಡಿರು ಸಾಕು’ ಅನ್ನೋದು, ಸ್ವಂತ ಹಾಡು ಮಾಡುವಾಗ ಅವನನ್ನ ಕೇಳದೇ ಇರೋದು, ಟ್ಯೂನಿನ ಅರ್ಧ ಅವನದೇ ಆಗಿದ್ರೂ ರೀಲಿನಲ್ಲಿ ಟ್ಯಾಗ್ ಕೂಡ ಮಾಡದಿರೋದು. ಕ್ವೀನ್‌ನಲ್ಲೂ ಹಾಡಿನ ಹೆಸರು, ದುಡ್ಡಿನ ವಿಷಯಕ್ಕೆ ಜಗಳ ಇತ್ತು. ಆದ್ರೆ 1989ರ ‘ದಿ ಮಿರಾಕಲ್’ನಲ್ಲಿ ಎಲ್ಲ ಹಾಡಿಗೂ ಬ್ಯಾಂಡಿನ ಹೆಸರು ಹಾಕೋವರೆಗೆ, ಬರೆದವನು ಯಾರು ಅಂತ ಹೆಚ್ಚಾಗಿ ಹೆಸರು ಹಿಡಿದೇ ಅಚ್ಚಾಗ್ತಿತ್ತು. ಅದಕ್ಕೇ ಡೀಕನ್ ಹೆಸರು ಇವತ್ತು ನಮಗೆ ಸಿಗೋದು. ನಿಮ್ಮ ಯೂಟ್ಯೂಬ್ ವಿಡಿಯೋದ ಡಿಸ್ಕ್ರಿಪ್ಶನ್ನಿನಲ್ಲಿ ನಿಮ್ಮ ಬೇಸಿಸ್ಟ್ ಹೆಸರು ಇದ್ಯಾ? ಈಗ್ಲೇ ಹೋಗಿ ನೋಡಿ. ಇಲ್ಲ ಅಂದ್ರೆ ಎಡಿಟ್ ಮಾಡೋಕೆ ಒಂದು ನಿಮಿಷ ಸಾಕು.

ಭಾಗ 4ರಲ್ಲಿ: ‘ಅಂಡರ್ ಪ್ರೆಶರ್’ ಬೇಸ್ ಯಾರದ್ದು, ಡೀಕನ್‌ದಾ, ಡೇವಿಡ್ ಬೋವೀದಾ? ಯಾರ ಪಕ್ಷ ಅಂತ ಕಾಮೆಂಟಲ್ಲಿ ಹಾಕಿ.