ಹೆಣ ಬಿದ್ದ ಮೇಲೆ ಬರುವ ಕಲಂ 135

ಚೂರಿ ಇರಿತದ ಸುದ್ದಿ ಬಂದ ಮರುದಿನ ಗುಜರಾತಿನಲ್ಲಿ ಏಳುವ ಕೂಗು ಒಂದೇ: ಆಯುಧ ಕಾನೂನು ಬಿಗಿಯಾಗಬೇಕು. ಟಿವಿಯಲ್ಲಿ ಮೇಜು ಕುಟ್ಟುವ ಮಹನೀಯರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಕುಟ್ಟುತ್ತಾರೋ! ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಚಾಕು ಹಿಡಿದು ತಿರುಗದಂತೆ ನಿಷೇಧ ಎಂದೋ ಬಂದಿದೆ. 1951ರ ಗುಜರಾತ್ ಪೊಲೀಸ್ ಕಾಯ್ದೆಯ (ಜಿ.ಪಿ. ಆಕ್ಟ್) 37ನೇ ಕಲಂ ಅಡಿ ಕಮಿಷನರ್ ಸಾಹೇಬರ ಜಾಹೇರನಾಮು, ಅಂದರೆ ಸಾರ್ವಜನಿಕ ಪ್ರಕಟಣೆ, ಹೊರಡುತ್ತದೆ. ಅವಧಿ ಮುಗಿದರೆ ಇನ್ನೊಂದು. ಕತ್ತಿ, ಭರ್ಜಿ, ಚಾಕು, ದೊಣ್ಣೆ, ಎಸೆಯಲು ಕೂಡಿಟ್ಟ ಕಲ್ಲು ಎಲ್ಲವೂ ಆ ಕಲಮಿನಲ್ಲಿವೆ. ಬೀದಿಯಲ್ಲಿ ಕೂಗುವ ಘೋಷಣೆಯನ್ನೂ ಅದರಡಿ ತಡೆಯಬಹುದು. ಘೋಷಣೆ ಕೂಗಿದವನು ತಪ್ಪದೆ ಸಿಕ್ಕಿಬೀಳುತ್ತಾನೆ, ಆ ಮಾತು ಬೇರೆ.

ಜಾಹೇರನಾಮು ಮುರಿದವರಿಗೆ 135ನೇ ಕಲಂ. ಗುಜರಾತಿನ ಚೂರಿ ಕೊಲೆಗಳ ಎಫ್‌ಐಆರ್ ತೆಗೆದು ನೋಡಿ. ಮೊದಲು ಕೊಲೆಯ ಕಲಂ, ಕೊನೆಯಲ್ಲಿ 'ಜಿ.ಪಿ. ಆಕ್ಟ್ 135'. ಮನುಷ್ಯ ಸತ್ತು ಬಿದ್ದಿದ್ದಾನೆ. ಕೊಂದವನು ನಿಷೇಧಿತ ವಸ್ತುವನ್ನೂ ಹಿಡಿದಿದ್ದನಂತೆ ಎಂದು ಸರ್ಕಾರ ಬರೆದಿಟ್ಟುಕೊಳ್ಳುತ್ತದೆ. ಆಯುಧ ನಿಯಮಗಳಂತೂ ಇನ್ನೂ ಚೆಂದ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಇದ್ದರೆ ಆಯುಧ, ಮನೆಗೆಲಸದ್ದಾದರೆ ಅಲ್ಲ. ಕೊಲ್ಲಲು ಹೊರಟವನು ಮೊದಲು ಅಡುಗೆಮನೆಗೇ ಹೋಗುತ್ತಾನೆ ಸ್ವಾಮಿ.

2024ರ ನವೆಂಬರ್‌ನಲ್ಲಿ ಅಹಮದಾಬಾದಿನ ಬೋಪಾಲ್‌ನಲ್ಲಿ ಕಾರಿನ ವೇಗದ ವಿಚಾರಕ್ಕೆ ಮಾತು ಬೆಳೆದು ಎಂಬಿಎ ವಿದ್ಯಾರ್ಥಿಯೊಬ್ಬ ಚೂರಿ ಇರಿತಕ್ಕೆ ಬಲಿಯಾದ. ಬಂಧನವಾದದ್ದು ಯಾರದು? ಒಬ್ಬ ಪೊಲೀಸ್ ಕಾನ್‌ಸ್ಟೇಬಲ್‌ನದು! ಜಾಹೇರನಾಮು ಜಾರಿ ಮಾಡಬೇಕಾದ ಇಲಾಖೆಯವನೇ ಆರೋಪಿ. ಅದೇ ತಿಂಗಳು ವಡೋದರಾದ ಎಸ್‌ಎಸ್‌ಜಿ ಆಸ್ಪತ್ರೆಯ ಆವರಣದಲ್ಲಿ, ಪೊಲೀಸರು ಇದ್ದ ಹಾಗೆಯೇ, ಮಾಜಿ ಕಾರ್ಪೊರೇಟರ್ ಒಬ್ಬರ ಮಗನನ್ನು ಇರಿದು ಕೊಂದರು. ಇನ್ನೆಷ್ಟು ಬಿಗಿ ಮಾಡುತ್ತೀರಿ ಕಾನೂನನ್ನು?

ಸೂರತ್ ಬಳಿಯ ಪಸೋದರಾದಲ್ಲಿ 2022ರ ಫೆಬ್ರವರಿ 12ರಂದು ಒಬ್ಬ ಹುಡುಗಿಯನ್ನು ಮನೆಯವರ ಕಣ್ಣೆದುರೇ ಕೊಂದದ್ದನ್ನು ದೇಶವೇ ಮೊಬೈಲಿನಲ್ಲಿ ನೋಡಿತು. ಮೇ 5ಕ್ಕೆ ಗಲ್ಲು ಶಿಕ್ಷೆಯ ತೀರ್ಪೂ ಬಂತು. ಎಂಥ ವೇಗ ಎಂದು ಬೆನ್ನು ತಟ್ಟಿಕೊಂಡರು. ಆದರೆ ಅವನು ಬಹುಕಾಲದಿಂದ ಅವಳ ಬೆನ್ನುಬಿದ್ದಿದ್ದ, ಮನೆಯವರು ಕರೆದು ಬುದ್ಧಿ ಹೇಳಿದ್ದರು. ಠಾಣೆಗೆ ಹೋದರೆ ಮಗಳ ಮಾನ ಹೋಗುತ್ತದೆಂದು ಅಪ್ಪ ಅಮ್ಮ ಹೆದರುವಲ್ಲಿ ಚೂರಿಯ ಉದ್ದ ಅಳೆದು ಏನು ಪ್ರಯೋಜನ? ಠಾಣೆಗೆ ಹೋದರೂ ಏನಾಗುತ್ತದೆ ಎಂಬುದಕ್ಕೆ ನಮ್ಮ ಹುಬ್ಬಳ್ಳಿಯೇ ಇದೆ. 2024ರ ಏಪ್ರಿಲ್‌ನಲ್ಲಿ ಬಿವಿಬಿ ಕಾಲೇಜಿನೊಳಗೆ ವಿದ್ಯಾರ್ಥಿನಿಯ ಕೊಲೆ. ತಿಂಗಳು ತುಂಬುವುದರೊಳಗೆ ವೀರಾಪುರ ಓಣಿಯಲ್ಲಿ ಇನ್ನೊಬ್ಬಳದು. ಬೆದರಿಕೆಯ ವಿಷಯ ಮೊದಲೇ ಪೊಲೀಸರ ಕಿವಿಗೆ ಹಾಕಿದ್ದೆವು ಎಂದು ಆ ಮನೆಯವರು ಗೋಳಿಟ್ಟರು. ಇನ್‌ಸ್ಪೆಕ್ಟರ್ ಅಮಾನತಾದರು. ಹುಡುಗಿ ಮಣ್ಣಾಗಿದ್ದಳು.

2025ರ ಮಾರ್ಚ್‌ನಲ್ಲಿ ಅಹಮದಾಬಾದಿನ ವಸ್ತ್ರಾಲ್‌ನಲ್ಲಿ ಪುಂಡರು ತಲವಾರು ಬೀಸಿ ದಾರಿಹೋಕರ ಮೇಲೆ ಬಿದ್ದರು. ಕೂಡಲೇ ಬುಲ್ಡೋಜರ್ ಬಂತು. ಅದಕ್ಕೆ ಯಾವ ಕಲಮೂ ಬೇಕಿಲ್ಲ. ನೂರು ಗಂಟೆಗಳಲ್ಲಿ ಸಮಾಜಘಾತುಕರ ಪಟ್ಟಿ ಮಾಡಿ ಎಂದು ಡಿಜಿಪಿ ಆಜ್ಞೆ ಮಾಡಿದರು, ರಾಜ್ಯದಾದ್ಯಂತ ಏಳೂವರೆ ಸಾವಿರಕ್ಕೂ ಹೆಚ್ಚು ಹೆಸರು ಬಂದವು. ನೂರೇ ಗಂಟೆಯಲ್ಲಿ! ಅಂದರೆ ಹೆಸರು, ವಿಳಾಸ, ಚಹಾ ಕುಡಿಯುವ ಅಂಗಡಿ ಎಲ್ಲವೂ ಠಾಣೆಗೆ ಮೊದಲೇ ಗೊತ್ತಿತ್ತು. ಆ ಪಟ್ಟಿಯಲ್ಲಿ ಸಿಂಹಪಾಲು ಅಕ್ರಮ ಮದ್ಯ ಮಾರುವವರದ್ದು. 1960ರಲ್ಲಿ ಹುಟ್ಟಿದಂದಿನಿಂದ ಪಾನನಿಷೇಧವಿರುವ ರಾಜ್ಯವಿದು. ನಿಷೇಧದಿಂದ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಬಾಟಲಿ ಮನೆಬಾಗಿಲಿಗೆ ಬರುತ್ತದೆ, ಹಫ್ತಾ ಹೋಗಬೇಕಾದಲ್ಲಿಗೆ ಹೋಗುತ್ತದೆ, ಆ ಹಣದ ನೆರಳಲ್ಲಿ ಗಲ್ಲಿಗೊಬ್ಬ ದಾದಾ ಬೆಳೆಯುತ್ತಾನೆ. ಅವನ ಸೊಂಟದ ಚಾಕು ಮಾತ್ರ ಜಾಹೇರನಾಮಿಗೆ ಹೆದರಬೇಕಂತೆ.

2025ರ ಆಗಸ್ಟ್ 19ರಂದು ಅಹಮದಾಬಾದಿನ ಖೋಖ್ರಾದ ಶಾಲೆಯೊಂದರ ಹೊರಗೆ ಎಂಟನೇ ತರಗತಿಯವನು ಹತ್ತನೇ ತರಗತಿಯವನನ್ನು ಇರಿದ. ಆ ಹುಡುಗ ಉಳಿಯಲಿಲ್ಲ. ಮರುದಿನ ದೊಡ್ಡವರು ನುಗ್ಗಿ ಶಾಲೆಯನ್ನೇ ಪುಡಿಮಾಡಿದರು. ಬ್ಯಾಗ್ ತಪಾಸಣೆ ಮಾಡಿ ಎಂಬ ಬುದ್ಧಿವಾದ ಬೇರೆ. ಬ್ಯಾಗಿನಲ್ಲಿ ಕೈವಾರವೂ ಇರುತ್ತದೆ, ಅದನ್ನೂ ನಿಷೇಧಿಸಿ. ಮಕ್ಕಳ ಜಗಳ ಎಲ್ಲಿಗೆ ಮುಟ್ಟಿದೆ ಎಂದು ಕೇಳಲು ಒಬ್ಬ ಆಪ್ತಸಮಾಲೋಚಕನನ್ನು ಮಾತ್ರ ನೇಮಿಸಬೇಡಿ, ಖರ್ಚಾದೀತು. ಬೇರೆ ದಾರಿ ಇಲ್ಲವೆಂದಲ್ಲ: ಚೂರಿ ಇರಿತಕ್ಕೆ ಹೆಸರಾಗಿದ್ದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2005ರಲ್ಲೇ ಪೊಲೀಸರು ಹಿಂಸೆಯನ್ನು ರೋಗವೆಂದು ಬಗೆದು, ಡಾಕ್ಟರು, ಶಿಕ್ಷಕರನ್ನು ಜೊತೆಗೂಡಿಸಿಕೊಂಡು ಕೆಲಸಕ್ಕಿಳಿದರು.

ನಿಷೇಧ ಕೆಲಸ ಮಾಡುತ್ತದೆ ಎನ್ನುವವರಿಗೆ ಸುಲಭದ ದಾರಿಯಿದೆ. ಕಳೆದ ಐದು ವರ್ಷಗಳಲ್ಲಿ 135ನೇ ಕಲಂ ಅಡಿ, ಯಾರ ಮೈಗೂ ಗಾಯವಾಗುವ ಮೊದಲು ಹಾಕಿದ ಕೇಸುಗಳೆಷ್ಟು, ಕೊಲೆ ಕೇಸಿನ ಕೊನೆಗೆ ಅಂಟಿಸಿದ್ದೆಷ್ಟು? ಮೂರೂ ನಗರಗಳ ಕಮಿಷನರ್‌ಗಳು ಆ ಲೆಕ್ಕವನ್ನು ಮುಂದಿನ ಜಾಹೇರನಾಮಿನ ಕೆಳಗೇ ಅಚ್ಚು ಹಾಕಿಸಲಿ.